ಬಿಟ್ಟ ಇಪ್ಪತ್ತನಾಲ್ಕು ಸುತ್ತು

ಒಡ್ಡಿನ ಮೇಲಿರುವ ಕಬ್ಬಿಣದ ಚಕ್ರವನ್ನು ಎಂಬತ್ತನಾಲ್ಕು ಸುತ್ತು ತಿರುಗಿಸಿದರೆ ಕೆಳಗಿನ ತೂಬಿನ ಬಾಗಿಲು ಪೂರ್ತಿ ಮುಚ್ಚುತ್ತದೆ. ಎಂಬತ್ತನಾಲ್ಕನೆಯ ಸುತ್ತಿಗೆ ಬಾಗಿಲು ತಳದ ಕಲ್ಲಿನ ಮೇಲೆ ಕೂತು ಠಪ್ ಎನ್ನಬೇಕು. ಆ ಸದ್ದನ್ನು ಊರು ಕೇಳಿದ್ದು ಆರು ವರ್ಷದ ಹಿಂದೆ, ಅದೂ ಒಂದೇ ಒಂದು ಸಲ. ಆಮೇಲೆ ಕೇಳಿಸಲೇ ಇಲ್ಲ ಎನ್ನುವುದು ಗೊತ್ತಿದ್ದವರು ಇಬ್ಬರೇ: ಚಕ್ರದ ಮಾಮ ಮತ್ತು ಇಂಜಿನಿಯರಮ್ಮ.

ಚಕ್ರದ ಮಾಮ ರಕ್ತಸಂಬಂಧದಲ್ಲಿ ಯಾರಿಗೂ ಮಾಮನಲ್ಲ. ಪುರಸಭೆಯಲ್ಲಿ ಈಗ ತೂಬು ಕಾಯುವ ಕೆಲಸ, ಒಟ್ಟು ಮೂವತ್ತೊಂದು ವರ್ಷದ ಸೇವೆ, ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಸುತ್ತುಗಳನ್ನು ಅವನು ಬಾಯಿಬಿಟ್ಟು ಎಣಿಸುತ್ತಿದ್ದ, ಅದೂ ನದಿಯ ಆಚೆ ದಡದಲ್ಲಿರುವ ಕಿವುಡನಿಗೆ ಲೆಕ್ಕ ಒಪ್ಪಿಸುವವನ ಹಾಗೆ. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿ ಅವರ ಮೇಲೆ ರೇಗುತ್ತಿದ್ದ. ಅದಕ್ಕೇ ಓಣಿಯ ಮಕ್ಕಳು ಬೇಕೆಂದೇ ಹೋಗಿ ಟೈಮೆಷ್ಟು ಎಂದು ಕೇಳುತ್ತಿದ್ದರು.

ಇಂಜಿನಿಯರಮ್ಮ ಊರಿನ ಪುರಸಭೆಗೆ ಇದ್ದ ಒಬ್ಬಳೇ ಇಂಜಿನಿಯರು. ರಸ್ತೆ, ಚರಂಡಿ, ಬೀದಿದೀಪ, ನೀರಿನ ಟ್ಯಾಂಕು, ಜೊತೆಗೆ ಯಾರದೋ ಮನೆಯ ಗೋಡೆ ಇನ್ಯಾರದೋ ಕಡೆ ವಾಲಿದ ಜಗಳ, ಎಲ್ಲವೂ ಅವಳ ಮೇಜಿಗೇ ಬಂದು ಬೀಳುತ್ತಿದ್ದವು. ಅವಳ ಮೇಜಿನ ಕಾಲಿನ ಕೆಳಗೆ ಕಾಗದ ಮಡಚಿ ಇಡದಿದ್ದರೆ ಅದೇ ವಾಲುತ್ತಿತ್ತು, ಆ ಮಾತು ಬೇರೆ. ಇಡೀ ಊರಿಗೆ ಅವಳು ಇಂಜಿನಿಯರಮ್ಮ. ಒಡ್ಡಿನ ಬುಡದಲ್ಲಿರುವ ಕೆಳಗಿನ ಓಣಿಯ ಒಂದೇ ಒಂದು ಮನೆಯಲ್ಲಿ ಮಾತ್ರ ಪುಟ್ಟಿ. ಅದು ಅವಳ ಚಿಕ್ಕಮ್ಮನ ಮನೆ. ಏಳನೇ ವಯಸ್ಸಿಗೆ ತಾಯಿ ತೀರಿಕೊಂಡ ಮೇಲೆ ಅವಳು ಬೆಳೆದಿದ್ದು ಅಲ್ಲೇ.

ಮನೆಯ ಮುಂಭಾಗದಲ್ಲಿ ಚಿಕ್ಕಮ್ಮನ ಬೈಂಡಿಂಗ್ ಅಂಗಡಿ. ಗೋಡೆಯುದ್ದಕ್ಕೂ ಕಾಗದದ ರೀಮು, ಮೂಲೆಯಲ್ಲಿ ಅಂಟಿನ ಡಬ್ಬಿ, ಬಾಗಿಲ ಬಳಿ ಆನೆಯಂಥ ಕಟಿಂಗ್ ಮಿಷನ್ನು. ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಪುರಸಭೆಯ ರಿಜಿಸ್ಟರುಗಳವರೆಗೆ ಎಲ್ಲ ಅಲ್ಲೇ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದವು. ತೂಬಿನ ರಿಜಿಸ್ಟರನ್ನೂ ಹೊಲಿದವಳು ಚಿಕ್ಕಮ್ಮನೇ. ಹಸಿರು ಬಟ್ಟೆಯ ಬೆನ್ನು, ಮೂಲೆಗೆ ಚರ್ಮ. ನೂರು ವರ್ಷ ಬಾಳುತ್ತೆ, ಒಳಗೆ ಬರೆಯೋದು ಬಾಳುತ್ತೋ ಇಲ್ವೋ ಅದು ನಿಮ್ಮ ಹಣೆಬರಹ, ಎಂದು ಹೇಳಿ ಕೊಟ್ಟಿದ್ದಳು.

ನದಿ ಏರಿದಾಗ ನೀರು ಊರಿಗೆ ನುಗ್ಗದಿರಲಿ ಎಂದು ಒಡ್ಡು ಕಟ್ಟಿಸಿದ್ದು ಸರ್ಕಾರ. ಆದರೆ ಸರ್ಕಾರ ಯಾವುದನ್ನೂ ಸುಮ್ಮನೆ ಕೊಡುವುದಿಲ್ಲ. ಕಟ್ಟುವ ಮೊದಲು ಪುರಸಭೆಯಿಂದ ಒಂದು ಒಪ್ಪಂದ ಬರೆಸಿಕೊಂಡಿತ್ತು. ಜಾಗ ನೀವು ಬಿಡಿಸಿ ಕೊಡಬೇಕು, ಒಡ್ಡಿನ ದಾರಿಯಲ್ಲಿ ಯಾರೂ ಗೂಡಂಗಡಿ ಹಾಕದ ಹಾಗೆ ನೋಡಿಕೊಳ್ಳಬೇಕು, ಕಟ್ಟಿ ಮುಗಿದ ಮೇಲೆ ಅದರ ಆರೈಕೆ ನಿಮ್ಮದೇ. ವರ್ಷಕ್ಕೆ ಎರಡು ಸಲ ತೂಬನ್ನು ಪೂರ್ತಿ ಮುಚ್ಚಿ ತೆರೆದು ರಿಜಿಸ್ಟರಿನಲ್ಲಿ ಬರೆಯಬೇಕು. ತೂಬು ಮುಚ್ಚಿದಾಗ ಊರೊಳಗಿನ ಚರಂಡಿ ನೀರು ಹೊರಗೆ ಹೋಗಲಾರದೆ ನಿಲ್ಲುತ್ತದಲ್ಲ, ಅದನ್ನು ಪಂಪು ಇಟ್ಟು ಎತ್ತಿ ಹಾಕುವುದೂ ನಿಮ್ಮ ಕೆಲಸ. ಏನಾದರೂ ಹೆಚ್ಚುಕಮ್ಮಿಯಾದರೆ ಸರ್ಕಾರವನ್ನು ದೂರುವ ಹಾಗಿಲ್ಲ. ಪುರಸಭೆಯ ಅಧ್ಯಕ್ಷರು ಅದಕ್ಕೆ ಸಹಿ ಹಾಕುತ್ತಾ, ಹಸು ಅವರು ಕೊಟ್ಟರು. ಹುಲ್ಲು ನಮ್ಮದು, ಸಗಣಿ ನಮ್ಮದು, ಒದ್ದರೆ ಅಯ್ಯೋ ಅನ್ನೋ ಹಾಗೂ ಇಲ್ಲ, ಎಂದು ನಗಿಸಿದ್ದರು. ನಗುವಿನಲ್ಲಿ ಪಂಪಿನ ಮಾತು ಮರೆತೇ ಹೋಯಿತು.

ಒಡ್ಡು ಮುಗಿದ ವರ್ಷವೇ ಕೆಲಸಕ್ಕೆ ಸೇರಿದ ಇಂಜಿನಿಯರಮ್ಮ ಮೊದಲ ಪರೀಕ್ಷೆಗೆ, ಹೊಸ ಪೊರಕೆ ಚೆನ್ನಾಗಿ ಗುಡಿಸುತ್ತದೆ ಎನ್ನುವ ಹಾಗೆ, ಮಾಮನ ಕೈಯಲ್ಲಿ ಎಂಬತ್ತನಾಲ್ಕು ಸುತ್ತೂ ತಿರುಗಿಸಿದಳು. ಠಪ್ ಎಂದಿತು. ಅವಳು ಖುಷಿಯಿಂದ ಚಪ್ಪಾಳೆ ತಟ್ಟಿದಳು. ಆ ಹೊತ್ತಿಗೆ ಸರಿಯಾಗಿ ಸಣ್ಣದೊಂದು ಮಳೆ ಬಂತು. ಬಾಗಿಲು ಮುಚ್ಚಿದ್ದರಿಂದ ಚರಂಡಿ ಉಕ್ಕಿ ಕೆಳಗಿನ ಓಣಿಗೆ ಮೊಣಕಾಲು ಮುಳುಗುವ ಕೊಚ್ಚೆ ಬಂದು ನಿಂತಿತು. ಚಿಕ್ಕಮ್ಮನ ಅಂಗಡಿಯಲ್ಲಿ ಶಾಲೆಗೆ ಹೋಗಬೇಕಿದ್ದ ನೋಟುಪುಸ್ತಕಗಳ ಕೆಳಗಿನ ಸಾಲು ನೆನೆಯಿತು. ಸಂಜೆ ಇಂಜಿನಿಯರಮ್ಮ ಹೋದಾಗ ಚಿಕ್ಕಮ್ಮ ಬಯ್ಯಲಿಲ್ಲ. ಒದ್ದೆ ಪುಸ್ತಕವೊಂದನ್ನು ಹಗ್ಗದ ಮೇಲೆ ಹರವುತ್ತಾ, ಓದಿಸಿದ್ದು ದಂಡ ಆಯ್ತಾ ಪುಟ್ಟಿ, ನಿನ್ನ ಆಫೀಸಿಂದಲೇ ನನ್ನ ಅಂಗಡಿಗೆ ನೀರು ನುಗ್ಗಿಸ್ತೀಯಲ್ಲೇ, ಎಂದಷ್ಟೇ ಅಂದಳು. ಬೈದಿದ್ದರೇ ವಾಸಿಯಿತ್ತು.

ಇಂಜಿನಿಯರಮ್ಮ ಪಂಪು ಬೇಕೆಂದು ಒಂದು ಪತ್ರ ಬರೆದಳು. ಪತ್ರ ಫೈಲಿಗೆ ಹೋಯಿತು, ಫೈಲು ಬೀರುವಿಗೆ ಹೋಯಿತು, ಬೀರುವಿನ ಕೀಲಿ ಯಾರ ಹತ್ತಿರವೋ ಹೋಯಿತು. ಎರಡನೆಯ ಪತ್ರವನ್ನು ಅವಳು ಬರೆಯಲಿಲ್ಲ. ಮುಂದಿನ ಪರೀಕ್ಷೆಯ ದಿನ ಮಾಮ ಅರವತ್ತು ಎಂದಾಗ ಅವಳೇ ಹೇಳಿದಳು: "ಸಾಕು ಮಾಮ. ಅರವತ್ತು ಸುತ್ತು ತಿರುಗಿದ ಚಕ್ರ ಎಂಬತ್ತನಾಲ್ಕು ತಿರುಗಲ್ವಾ?"

ಅರವತ್ತಕ್ಕೆ ನಿಲ್ಲಿಸಿದರೆ ಕೆಳಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಸಂದು ಉಳಿಯುತ್ತಿತ್ತು. ಚರಂಡಿ ನೀರು ಅದರಲ್ಲಿ ನುಸುಳಿ ಆರಾಮವಾಗಿ ನದಿಗೆ ಹೋಗುತ್ತಿತ್ತು. ಓಣಿ ಒಣಗಿರುತ್ತಿತ್ತು, ಚಿಕ್ಕಮ್ಮನ ಮುಖ ಅರಳಿರುತ್ತಿತ್ತು. ಮಾಮ ಒಂದು ಕ್ಷಣ ಚಕ್ರದ ಮೇಲೆ ಕೈಯಿಟ್ಟು ನಿಂತ. ರಿಜಿಸ್ಟರಲ್ಲಿ ಏನು ಬರೀತೀರಿ ಎಂದು ಕೇಳಿದ. ಅವಳು ಎಂಬತ್ತನಾಲ್ಕು ಎಂದು ಬರೆದು ಸಹಿ ಹಾಕಿದಳು. ಆಮೇಲೆ ಅದೇ ರೂಢಿಯಾಯಿತು. ಹನ್ನೊಂದು ಸಲ. ಬರೆದೂ ಬರೆದೂ ಅವಳ ಎಂಬತ್ತನಾಲ್ಕು ಎಷ್ಟು ಮುದ್ದಾಗಿತ್ತೆಂದರೆ ಕಾಪಿ ಪುಸ್ತಕದಲ್ಲಿ ಅಚ್ಚು ಹಾಕಬಹುದಿತ್ತು.

ಚಕ್ರಕ್ಕೆ ಕಟ್ಟಿದ ಮಾರುದ್ದದ ಸ್ಕ್ರೂ ಇದೆ. ತಿರುಗಿಸಿದಂತೆ ಅದು ಇಳಿಯುತ್ತದೆ. ಅರವತ್ತು ಸುತ್ತಿನವರೆಗೆ ಇಳಿಯುವ ಭಾಗ ಗ್ರೀಸು ತಿಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲಿನ ಗೇಣುದ್ದದ ಭಾಗ ಎಂದೂ ಇಳಿಯದೆ ಬಿಸಿಲು ಮಳೆಗೆ ತುಕ್ಕು ಹಿಡಿದು ಕೆಂಪಗಾಗುತ್ತಾ ಹೋಯಿತು. ಒಂದೇ ಕಬ್ಬಿಣ, ಎರಡು ಬಣ್ಣ. ನೋಡುವ ಕಣ್ಣಿದ್ದರೆ ಎಲ್ಲವೂ ಅಲ್ಲೇ ಬರೆದಿತ್ತು. ಇಂಜಿನಿಯರಮ್ಮನಿಗೆ ಕಣ್ಣಿತ್ತು, ಅದಕ್ಕೇ ಅವಳು ಆ ಕಡೆ ನೋಡುತ್ತಿರಲಿಲ್ಲ.

ಆರು ವರ್ಷ ತೂಬಿನ ಮಟ್ಟಕ್ಕೆ ಬಾರದಿದ್ದ ನದಿ ಈ ಸಲದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಏರಿತು. ಮಾಮ ಹೊತ್ತಿಗೆ ಮುಂಚೆಯೇ ಹೋಗಿ ಚಕ್ರ ಹಿಡಿದಿದ್ದ. ಅರವತ್ತರವರೆಗೆ ಬೆಣ್ಣೆಯಲ್ಲಿ ಚಾಕು. ಅರವತ್ತೊಂದಕ್ಕೆ ಚಕ್ರ ಕಿರುಗುಟ್ಟಿತು. ಅರವತ್ತಮೂರಕ್ಕೆ ಕಚ್ಚಿಕೊಂಡಿತು. ಸುದ್ದಿ ಸಿಕ್ಕಿ ಓಡಿ ಬಂದ ಇಂಜಿನಿಯರಮ್ಮ ಅವನ ಜೊತೆ ಚಕ್ರಕ್ಕೆ ಜೋತುಬಿದ್ದಳು. ಇಬ್ಬರೂ ಹಗ್ಗ ಜಗ್ಗಾಟದಲ್ಲಿ ಸೋಲುವವರ ಹಾಗೆ ಕಾಲೂರಿ ಎಳೆದರು. ಕೆಳಗಿನ ಸಂದಿನಿಂದ ನದಿ ಊರೊಳಗೆ ನುಗ್ಗುವ ಸದ್ದು ಕೇಳುತ್ತಿತ್ತು. ಒಂದು ಗೇಣು ಸಂದು. ಸಂಜೆಗೆ ಕೆಳಗಿನ ಓಣಿಯಲ್ಲಿ ಸೊಂಟದವರೆಗೆ ನೀರು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ ಎನ್ನುವುದೊಂದೇ ಪುಣ್ಯ. ನಡೆಯಲಾಗದ ಮುದುಕಿಯೊಬ್ಬಳನ್ನು ಕುರ್ಚಿಯ ಸಮೇತ ಹೊತ್ತು ತಂದರು. ಅವಳು ದಾರಿಯುದ್ದಕ್ಕೂ ಹೊತ್ತವರಿಗೆ ಬಲಕ್ಕೆ ಹೋಗಿ ಎಡಕ್ಕೆ ಹೋಗಿ ಎಂದು ಅಪ್ಪಣೆ ಕೊಡುತ್ತಿದ್ದಳು.

ಮೂರನೆಯ ದಿನ ನೀರು ಇಳಿಯಿತು. ಇಂಜಿನಿಯರಮ್ಮ ಚಿಕ್ಕಮ್ಮನ ಅಂಗಡಿಗೆ ಕೆಸರು ಬಳಿದು ಹಾಕಲು ಹೋದಳು. ಇಡೀ ಅಂಗಡಿಯ ಕಾಗದ ಮೂರು ದಿನ ನೀರು ಕುಡಿದರೆ ಏನಾಗುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದು ಊದಿಕೊಳ್ಳುತ್ತದೆ. ಒತ್ತಾಗಿ ಜೋಡಿಸಿದ್ದ ರೀಮುಗಳು ಊದಿ, ಮರದ ಕಪಾಟಿನ ಪಕ್ಕೆಯನ್ನೇ ಒಡೆದು ಹೊರಗೆ ಬಂದಿದ್ದವು. ಕಟಿಂಗ್ ಮಿಷನ್ನಿನ ಕತ್ತಿಯ ಮೇಲೆ ಆಗಲೇ ಕಿತ್ತಳೆ ಬಣ್ಣದ ಚುಕ್ಕೆ ಮೂಡಿತ್ತು. ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ, ಒಂದೊಂದೇ ಹಾಳೆ ಬಿಡಿಸಲು ನೋಡುತ್ತಿದ್ದಳು. ಹಾಳೆಗಳು ಹಿಟ್ಟಿನ ಹಾಗೆ ಕೈಗೆ ಬರುತ್ತಿದ್ದವು.

ಚಿಕ್ಕಮ್ಮ ಆ ಬೆಳಿಗ್ಗೆಯೆಲ್ಲಾ ಬಯ್ದಿದ್ದು ಚಕ್ರದ ಮಾಮನನ್ನು. ಹೊಟ್ಟೆಗೆ ಏನು ತಿಂತಾನೆ ಅವನು, ಎಲ್ಲಿ ಬಿದ್ದುಕೊಂಡಿದ್ದ, ಕುಂಭಕರ್ಣನ ವಂಶದವನು, ಎಂದು ಶುರುವಾಗಿ ಅವನ ಏಳು ತಲೆಮಾರನ್ನು ಕೆಸರಿನ ಜೊತೆ ಗುಡಿಸಿ ಹಾಕಿದಳು. ಇಂಜಿನಿಯರಮ್ಮ ಪೊರಕೆ ಆಡಿಸುತ್ತಲೇ ಇದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿಗೆ ಹೆಗಲು ಮುಟ್ಟಿಕೊಳ್ಳುವ ಧೈರ್ಯವೂ ಇರಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮ ಪಕ್ಕದ ಮನೆಯಿಂದ ಬಂದ ಊಟದ ಡಬ್ಬಿ ಬಿಚ್ಚಿ, ದೊಡ್ಡ ಪಾಲನ್ನು ಅವಳ ಮುಂದೆ ಇಟ್ಟಳು. "ತಿನ್ನೇ. ಪಾಪ, ನಿಂಗೂ ಆಫೀಸಲ್ಲಿ ತಲೆ ತಿಂತಿರ್ತಾರೆ. ಯಾವನೋ ಮಾಡಿದ ತಪ್ಪಿಗೆ ನೀನು ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದೀಯ?"

ಆ ತುತ್ತು ನುಂಗುವುದಕ್ಕೆ ಅವಳಿಗೆ ಎರಡು ಲೋಟ ನೀರು ಬೇಕಾಯಿತು.

ಮಾರನೆಯ ದಿನ ಅಧ್ಯಕ್ಷರು ಅವಳನ್ನು ಕೋಣೆಗೆ ಕರೆದರು. ಅಧ್ಯಕ್ಷರು ಕೆಟ್ಟವರಲ್ಲ. ಅಂಗಡಿ ಸಾಲಿನ ಕೊನೆಯಲ್ಲಿ ಸೈಕಲ್ ಪಾರ್ಟ್ಸ್ ಮಾರುತ್ತಿದ್ದವರು, ಈಗಲೂ ಬೈಠಕ್ಕಿನಲ್ಲಿ ಯಾರಾದರೂ ಸುತ್ತಿ ಬಳಸಿ ಮಾತಾಡಿದರೆ ಚೈನ್ ಬಿಗಿ ಮಾಡಯ್ಯ ಎನ್ನುತ್ತಾರೆ. ಅವರ ಚಿಂತೆ ಬೇರೆಯೇ ಇತ್ತು. ಸೇತುವೆಯ ಆಚೆ ಇನ್ನೂರು ಮನೆಗಳಿವೆ, ಅವಕ್ಕೆ ಒಡ್ಡೇ ಇಲ್ಲ. ಅಲ್ಲಿಗೆ ಎರಡನೆಯ ಹಂತದ ಒಡ್ಡು ಮಂಜೂರಾಗುವುದರಲ್ಲಿತ್ತು. ಆದರೆ ಮೊದಲ ಹಂತವನ್ನು ಒಪ್ಪಂದದ ಪ್ರಕಾರ ನೋಡಿಕೊಂಡಿಲ್ಲ ಎಂದು ಗೊತ್ತಾದರೆ ಸರ್ಕಾರ ಎರಡನೆಯದನ್ನು ನಿಲ್ಲಿಸುತ್ತದೆ. ಪರಿಶೀಲನೆಗೆ ಇನ್ನು ನಾಲ್ಕು ದಿನಕ್ಕೆ ಸರ್ಕಾರದ ಇಂಜಿನಿಯರೊಬ್ಬರು ಬರುತ್ತಾರೆ.

ಅಧ್ಯಕ್ಷರು ಹಸಿರು ಬೆನ್ನಿನ ರಿಜಿಸ್ಟರನ್ನು ಮುಂದೆ ಇಟ್ಟುಕೊಂಡಿದ್ದರು. ಹನ್ನೆರಡು ಸಲವೂ ಎಂಬತ್ತನಾಲ್ಕು. ದಾಖಲೆ ಚಿನ್ನದ ಹಾಗಿದೆ ಎಂದರು. ಅಂದಮೇಲೆ ಗೇಟು ಸರಿಯಾಗೇ ಇತ್ತು, ಆ ದಿನ ತಿರುಗಿಸಿದವನದ್ದೇ ಅಸಡ್ಡೆ. ಪುರಸಭೆ ಅವನ ಮೇಲೆ ಕ್ರಮ ತಗೊಂಡರೆ ನಮ್ಮ ಜವಾಬ್ದಾರಿ ನಾವು ಮಾಡಿದ ಹಾಗಾಯಿತು. ಅವಳು ಕೇಳಿದಳು, ಕ್ರಮ ಎಂದರೆ? ಅಧ್ಯಕ್ಷರು ಕಿಟಕಿಯ ಕಡೆ ನೋಡಿದರು. ಕ್ರಮ ಎಂದರೆ ವಜಾ. ಮೂವತ್ತೊಂದು ವರ್ಷದ ಸೇವೆ ಒಂದು ಸಹಿಯಲ್ಲಿ ಹೋಗುತ್ತದೆ, ನಿವೃತ್ತಿಯ ನಂತರದ್ದೂ ಏನೂ ಸಿಗುವುದಿಲ್ಲ.

"ನಂಗೇನು ಸಂತೋಷ ಅಂದ್ಕೊಂಡ್ರಾ?" ಎಂದರು. "ಒಬ್ಬನ ಕಡೆ ನೋಡ್ಲಾ, ಇನ್ನೂರು ಮನೆ ಕಡೆ ನೋಡ್ಲಾ? ನೀವೇ ಹೇಳಿ ಇಂಜಿನಿಯರಮ್ಮ. ಈ ರಿಜಿಸ್ಟರ್ ನಿಜ ತಾನೆ?"

ಅವಳು ರಿಜಿಸ್ಟರನ್ನು ನೋಡಿದಳು. ಚಿಕ್ಕಮ್ಮನ ಹೊಲಿಗೆ ಒಂದು ನೂಲೂ ಸಡಿಲಾಗಿರಲಿಲ್ಲ. "ನನ್ನ ಸಹಿ ಇದೆಯಲ್ಲ ಸಾರ್," ಎಂದಳು. ಅದು ಸುಳ್ಳಲ್ಲ. ಅದಕ್ಕೇ ಅದು ಸುಳ್ಳಿಗಿಂತ ಹೆಚ್ಚು ಕೊರೆಯಿತು.

ಆಮೇಲಿನ ದಿನಗಳಲ್ಲಿ ಅವಳು ಮಾಮನ ಕಣ್ಣಿಗೆ ಬೀಳದ ಹಾಗೆ ಓಡಾಡಿದಳು. ಅವನು ಆಫೀಸಿನ ಮುಂಬಾಗಿಲಿಂದ ಬಂದರೆ ಇವಳು ಹಿಂಬಾಗಿಲಿಂದ. ಚಹಾ ಅಂಗಡಿಯಲ್ಲಿ ಅವನ ಬೆನ್ನು ಕಂಡರೆ ಇವಳಿಗೆ ಚಹಾ ಸೇರುತ್ತಿರಲಿಲ್ಲ.  ಓಣಿಯಲ್ಲಿ ಯಾರೋ ಮಾಮನ ಮನೆಯ ಗೋಡೆಗೆ ಕೆಸರು ಎಸೆದರಂತೆ. ಅವನು ಏನೂ ಅನ್ನದೆ ತೊಳೆದನಂತೆ. ತೂಬಿನ ಹತ್ತಿರ ಬೆಳಗಾಗುವ ಹೊತ್ತಿಗೆ ಏನೋ ಉಜ್ಜುತ್ತಾ ಕೂತಿರುತ್ತಾನೆ, ತಲೆ ಕೆಟ್ಟಿರಬೇಕು, ಎಂದೂ ಹೇಳಿದರು. ಅವಳು ಹೋಗಿ ನೋಡಲಿಲ್ಲ.

ಪರಿಶೀಲನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸರ್ಕಾರದ ಇಂಜಿನಿಯರು ಬಂದರು. ಸೊಂಟಕ್ಕೆ ಬೆಲ್ಟಿಗಿಂತ ದೊಡ್ಡ ಅಳತೆ ಟೇಪು. ಒಡ್ಡಿನ ಅಗಲ ಅಳೆದರು, ಹುಲ್ಲಿನ ಎತ್ತರ ಅಳೆದರು, ಹೆಗ್ಗಣದ ಬಿಲವೊಂದನ್ನು ಕಂಡು ಅದರ ಆಳವನ್ನೂ ಅಳೆದರು. ಊರಿನವರು ಹತ್ತು ನಿಮಿಷದಲ್ಲಿ ಅವರಿಗೆ ಟೇಪ್ ಸಾಹೇಬರು ಎಂದು ಹೆಸರಿಟ್ಟರು. ಕೆಳಗಿನ ಓಣಿಯ ಅರ್ಧ ಜನ ಒಡ್ಡಿನ ಇಳಿಜಾರಿನಲ್ಲಿ ಕೂತು ನೋಡುತ್ತಿದ್ದರು. ಮೊದಲ ಸಾಲಿನಲ್ಲಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಚಿಕ್ಕಮ್ಮ.

ಇಂಜಿನಿಯರಮ್ಮ ತೂಬಿನ ಕಟ್ಟೆ ಹತ್ತಿದಳು. ಆರು ವರ್ಷ ನೋಡದೆ ತಪ್ಪಿಸಿಕೊಂಡ ಜಾಗಕ್ಕೆ ಕಣ್ಣು ತಾನಾಗಿಯೇ ಹೋಯಿತು.

ಸ್ಕ್ರೂ ತಳದಿಂದ ತುದಿಯವರೆಗೆ ಹೊಳೆಯುತ್ತಿತ್ತು. ಎಲ್ಲೂ ತುಕ್ಕಿಲ್ಲ, ಎರಡು ಬಣ್ಣವಿಲ್ಲ. ಪ್ರತಿಯೊಂದು ಸುರುಳಿಯಲ್ಲೂ ಹೊಸ ಗ್ರೀಸು.

ಪಕ್ಕದಲ್ಲಿ ಮಾಮ ಒಗೆದ ಅಂಗಿ ಹಾಕಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಟೇಪ್ ಸಾಹೇಬರು ತಿರುಗಿಸಿ ಎಂದಾಗ ಆ ಕೈಗಳು ಮುಂದೆ ಬಂದವು. ಉಗುರುಗಳ ಸಂದಿಯೆಲ್ಲಾ ಕೆಂಪು. ಬೆರಳ ಗಂಟುಗಳ ಮೇಲೆ ಚರ್ಮ ಸುಲಿದಿತ್ತು. ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅವಳಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಅವಳ ಹನ್ನೊಂದು ಎಂಬತ್ತನಾಲ್ಕುಗಳ ವಿರುದ್ಧ ಇದ್ದ ಒಂದೇ ಸಾಕ್ಷಿಯನ್ನು ಈ ಮನುಷ್ಯ ತಂತಿ ಬ್ರಷ್ಷು ಹಿಡಿದು ದಿನಾ ಬೆಳಿಗ್ಗೆ ಬಂದು ಉಜ್ಜಿ ಅಳಿಸಿದ್ದ. ಗೇಟು ಚೆನ್ನಾಗಿದ್ದಷ್ಟೂ ತಪ್ಪು ತನ್ನದಾಗುತ್ತದೆ ಎಂದು ಗೊತ್ತಿದ್ದೇ ಉಜ್ಜಿದ್ದ.

ಅವನು ಅವಳ ಕಡೆ ನೋಡಿ, ತುಟಿ ಅಲ್ಲಾಡಿಸದೆ ಹೇಳಿದ: "ಸುಮ್ನಿರಿ. ನಂದು ಮುಗೀತು, ನಿಮ್ಮದು ಇನ್ನೂ ಇದೆ."

ಚಕ್ರ ತಿರುಗಿತು. ಮಾಮ ಎಂದಿನಂತೆ ಆಚೆ ದಡದ ಕಿವುಡನಿಗೆ ಕೇಳುವ ಹಾಗೆ ಎಣಿಸಿದ. ಅರವತ್ತು ದಾಟಿತು, ಎಪ್ಪತ್ತು ದಾಟಿತು. ಎಂಬತ್ತನಾಲ್ಕಕ್ಕೆ ಕೆಳಗಿನಿಂದ ಠಪ್ ಎಂದಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಇಳಿಜಾರಿನಲ್ಲಿ ಯಾರೋ ಅಂದರು, ಕೆಲವರು ನಕ್ಕರು.

ಟೇಪ್ ಸಾಹೇಬರು ಸ್ಕ್ರೂವಿನ ಮೇಲೆ ಬೆರಳಾಡಿಸಿ ಗ್ರೀಸು ನೋಡಿದರು. ರಿಜಿಸ್ಟರು ತಿರುವಿದರು. ಆರೈಕೆ ಚೆನ್ನಾಗಿದೆ ಎಂದು ಮೆಚ್ಚಿದರು. ಅಧ್ಯಕ್ಷರ ಹೆಗಲು ಒಂದು ಇಂಚು ಇಳಿಯಿತು. ಹಾಗಾದರೆ ಆ ದಿನ ಮಾತ್ರ ಯಾಕೆ ಮುಚ್ಚಲಿಲ್ಲ ಎಂದು ಸಾಹೇಬರು ಮಾಮನನ್ನು ಕೇಳಿದರು.

"ನನ್ನದೇ ತಪ್ಪು ಸಾರ್," ಎಂದ ಮಾಮ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದವನ ಹಾಗಿತ್ತು. "ಮಳೆ ಅಂತ ತಡವಾಗಿ ಬಂದೆ. ಅರವತ್ತಮೂರಕ್ಕೆ ತೋಳು ಸೋತು ಹೋಯ್ತು. ಮುಚ್ಚಿತು ಅಂದ್ಕೊಂಡು ಬಿಟ್ಟುಬಿಟ್ಟೆ."

ಇಳಿಜಾರಿನಲ್ಲಿ ಗುಜುಗುಜು ಎದ್ದಿತು. ಚಿಕ್ಕಮ್ಮನ ಧ್ವನಿ ಎಲ್ಲಕ್ಕಿಂತ ಮೇಲೆ ಬಂತು. "ನೋಡಿದ್ರಾ? ಅವನ ಬಾಯಿಂದಲೇ ಬಂತು. ಇಪ್ಪತ್ತು ಸುತ್ತು ತಿರುಗಿಸೋಕೆ ಸೋಮಾರಿತನ, ನಮ್ಮ ಮನೆಯೆಲ್ಲಾ ಹೊಳೆ ಪಾಲು."

ಇಂಜಿನಿಯರಮ್ಮ ಇಳಿಜಾರಿನ ಕಡೆ ತಿರುಗಿದಳು. ಸೇತುವೆಯ ಆಚೆಯ ಮನೆಗಳ ಸೂರು ಅಲ್ಲಿಂದ ಕಾಣುತ್ತಿತ್ತು. ಚಿಕ್ಕಮ್ಮನ ಮುಖವೂ ಕಾಣುತ್ತಿತ್ತು. ಮಾಮನ ಬೆರಳುಗಳೂ. ಮೂರರಲ್ಲಿ ಹತ್ತಿರ ಇದ್ದದ್ದು ಬೆರಳು.

"ಸಾರ್, ಅದು ಇಪ್ಪತ್ತನಾಲ್ಕು," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ರಿಜಿಸ್ಟರಿನ ಮೊದಲನೆಯ ಸಾಲು ಬಿಟ್ಟು ಉಳಿದ ಹನ್ನೊಂದೂ ಸುಳ್ಳು ಎಂದು ಹೇಳಿದಳು. ಪ್ರತಿ ಸಲ ಅರವತ್ತಕ್ಕೆ ನಿಲ್ಲಿಸಿ ಎಂದದ್ದು ತಾನು, ಎಂಬತ್ತನಾಲ್ಕು ಎಂದು ಬರೆದದ್ದು ತಾನು. ಸ್ಕ್ರೂವಿನ ಮೇಲಿನ ಭಾಗ ಆರು ವರ್ಷ ಇಳಿದೇ ಇರಲಿಲ್ಲ, ತುಕ್ಕಿಗೆ ಕಚ್ಚಿಕೊಂಡಿತು. ಈ ಹೊಳಪು ಈ ವಾರದ್ದು. ಅನುಮಾನವಿದ್ದರೆ ಇವರ ಕೈ ನೋಡಿ.

ಟೇಪ್ ಸಾಹೇಬರು ಮಾಮನ ಕೈ ನೋಡಿದರು. ಅದಕ್ಕೆ ಅವರಿಗೆ ಟೇಪು ಬೇಕಾಗಲಿಲ್ಲ.

"ಯಾಕಮ್ಮ ಹಾಗೆ ಮಾಡಿದ್ರಿ?"

"ಪೂರ್ತಿ ಮುಚ್ಚಿದ್ರೆ ಚರಂಡಿ ನೀರು ಓಣಿಗೆ ಬರ್ತಿತ್ತು ಸಾರ್. ಪಂಪ್ ಇಡಬೇಕಿತ್ತು, ಇರಲಿಲ್ಲ. ಒಂದು ಸಲ ಕೇಳಿ ಸುಮ್ಮನಾದೆ. ಪಂಪ್‌ಗೆ ಓಡಾಡೋದಕ್ಕಿಂತ ಇಪ್ಪತ್ತನಾಲ್ಕು ಸುತ್ತು ಬಿಡೋದು ಸುಲಭ ಆಯ್ತು."

ಯಾರ ಅಂಗಡಿ, ಯಾರ ಮಾತು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಇಳಿಜಾರಿನ ಮೊದಲ ಸಾಲಿನಲ್ಲಿ ಚಿಕ್ಕಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ನಿಧಾನಕ್ಕೆ ಬಿಚ್ಚಿ ಹೆಗಲಿಗೆ ಹೊದ್ದುಕೊಂಡಳು. ಎದ್ದಳು. ಯಾರ ಜೊತೆಗೂ ಮಾತಾಡದೆ ಒಡ್ಡು ಇಳಿದು ಹೋದಳು.

ಎಲ್ಲಕ್ಕಿಂತ ಜೋರಾಗಿ ಸಿಟ್ಟು ಮಾಡಿಕೊಂಡವನು ಮಾಮ. ಸಾಹೇಬರು ಆ ಕಡೆ ಹೋದ ಮೇಲೆ ಅವನು ಅವಳಿಗೆ ಬೆನ್ನು ತಿರುಗಿಸಿ, ಸುಲಿದ ಬೆರಳಿಗೆ ಊದಿಕೊಳ್ಳುತ್ತಾ ಗೊಣಗಿದ. "ಇದನ್ನ ಹೇಳೋದಿದ್ರೆ ಮೊದಲೇ ಹೇಳಬಾರದಾ? ಐದು ದಿನ ಉಜ್ಜಿದೀನಿ."

ಅವಳಿಗೆ ನಗು ಬಂತು, ನಗುವಿನ ಬಾಲ ಹಿಡಿದುಕೊಂಡು ಅಳು ಬಂತು. ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡು, ಗ್ರೀಸಿದೆ, ಜಾರಿ ಬೀಳ್ತೀರಿ ಎಂದ.

ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಹೇಳಿದವರು ಸುಳ್ಳು ಹೇಳಿದ್ದಾರೆ. ಅವಳು ಸಸ್ಪೆಂಡಾದಳು. ಅದು ಸಣ್ಣ ಮಾತು. ಎರಡನೆಯ ಹಂತ ನಿಂತಿತು. ಪುರಸಭೆ ಪಂಪು ಇಟ್ಟು, ಸರ್ಕಾರದವರ ಎದುರಿಗೆ ಎರಡು ಸಲ ಸರಿಯಾಗಿ ಪರೀಕ್ಷೆ ಮಾಡಿ ತೋರಿಸುವವರೆಗೆ ಮಂಜೂರಾತಿ ಇಲ್ಲ ಎಂದು ಪತ್ರ ಬಂತು. ಎರಡು ಪರೀಕ್ಷೆಯ ನಡುವೆ ಆರು ತಿಂಗಳು. ಅಧ್ಯಕ್ಷರು ಅವಳ ಮನೆಯ ಬಾಗಿಲವರೆಗೆ ಬಂದು, ಒಳಗೆ ಕೂರದೆ ಹೇಳಿದರು: "ಮಾಮ ಉಳಿದ, ಸಂತೋಷ. ಆದ್ರೆ ನಿಮ್ಮ ಅರವತ್ತು ಸುತ್ತಿಗೆ ಸೇತುವೆ ಆಚೆಯವರು ಇನ್ನೊಂದು ಮಳೆಗಾಲ ನೆನೀತಾರೆ. ಇದನ್ನೂ ಬರ್ಕೊಳ್ಳಿ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ನಿಮ್ಮ ಪಂಪಿನ ಪತ್ರ ಬೀರುವಲ್ಲಿ ಸಿಕ್ತು. ಮೇಲೆ ನನ್ನ ಸಹಿ ಇದೆ, ನೋಡಿದೆ ಅಂತ. ನಾನು ನೋಡಿರಲಿಲ್ಲ." ಹೇಳಿ ಹೋದರು.

ಚಿಕ್ಕಮ್ಮ ಮಾತು ಬಿಟ್ಟಳು. ಇಂಜಿನಿಯರಮ್ಮ ದಿನಾ ಬೆಳಿಗ್ಗೆ ಹೋಗುತ್ತಿದ್ದಳು. ಅಂಗಡಿ ಗುಡಿಸುತ್ತಿದ್ದಳು, ಒಣಗಿದ ಹಾಳೆ ಜೋಡಿಸುತ್ತಿದ್ದಳು, ಕತ್ತಿಯ ತುಕ್ಕು ಉಜ್ಜುತ್ತಿದ್ದಳು. ಉಜ್ಜುವಾಗ ಬೆರಳ ಗಂಟು ಸುಲಿದಾಗ ಒಂದು ವಿಚಿತ್ರ ಸಮಾಧಾನವಾಗುತ್ತಿತ್ತು, ಮರುಕ್ಷಣ ಆ ಸಮಾಧಾನದ ಮೇಲೇ ನಾಚಿಕೆಯಾಗುತ್ತಿತ್ತು. ಚಿಕ್ಕಮ್ಮ ಅವಳನ್ನು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವಳ ಜಾಗದಲ್ಲಿ ಗಾಳಿ ಇದೆ ಎನ್ನುವಂತೆ ದಾಟಿ ಹೋಗುತ್ತಿದ್ದಳು. ಒಂದು ದಿನ ಮಾತ್ರ ಚಕ್ರದ ಮಾಮ ಬಂದಿದ್ದ, ತೂಬಿನ ಹೊಸ ರಿಜಿಸ್ಟರು ಹೊಲಿಸಲು. ಚಿಕ್ಕಮ್ಮ ಅವನಿಗೆ ಸ್ಟೂಲು ಹಾಕಿ ಕೂರಿಸಿದಳು. ತನ್ನ ಬಾಯಿ ಬಚ್ಚಲು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಕುಂಭಕರ್ಣನೂ ಆರು ತಿಂಗಳಿಗೊಮ್ಮೆ ಏಳ್ತಿದ್ದನಮ್ಮ, ನಮ್ಮ ಪರೀಕ್ಷೆನೂ ಆರು ತಿಂಗಳಿಗೊಮ್ಮೆನೇ, ಎಂದು ಮಾಮ ಹೇಳಿದಾಗ ಇಬ್ಬರೂ ನಕ್ಕರು. ಇಂಜಿನಿಯರಮ್ಮ ಒಳಕೋಣೆಯಲ್ಲಿ ಹಾಳೆ ಎಣಿಸುತ್ತಿದ್ದವಳು ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದಳು.

ಮೂರು ವಾರದ ನಂತರ ಮೊದಲನೆಯ ಪರೀಕ್ಷೆ. ಟ್ರ್ಯಾಕ್ಟರಿಗೆ ಕಟ್ಟಿದ ಪಂಪೊಂದು ಬಂದು ಓಣಿಯ ತುದಿಯಲ್ಲಿ ನಿಂತಿತ್ತು. ಆಕಾಶ ಸಣ್ಣಗೆ ಉದುರಿಸುತ್ತಿತ್ತು. ಇಂಜಿನಿಯರಮ್ಮನಿಗೆ ಒಡ್ಡಿನ ಮೇಲೆ ಈಗ ಕೆಲಸವಿಲ್ಲ. ಅವಳು ಚಿಕ್ಕಮ್ಮನ ಅಂಗಡಿಯ ಹೊಸ್ತಿಲ ಬಳಿ ನಿಂತಿದ್ದಳು.

ಮೇಲಿನಿಂದ ಮಾಮನ ಎಣಿಕೆ ಓಣಿಯುದ್ದಕ್ಕೂ ಕೇಳುತ್ತಿತ್ತು. ಐವತ್ತೆಂಟು. ಐವತ್ತೊಂಬತ್ತು. ಅರವತ್ತು.

ಅಲ್ಲಿ ಅವನು ನಿಂತ. ಆರು ವರ್ಷದ ಅಭ್ಯಾಸ, ಕೈ ತಾನಾಗಿಯೇ ನಿಂತಿರಬೇಕು. ಇಡೀ ಓಣಿ ಕತ್ತೆತ್ತಿ ಒಡ್ಡಿನ ಕಡೆ ನೋಡಿತು. ಇಂಜಿನಿಯರಮ್ಮ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಆ ಸುಮ್ಮನಿದ್ದ ಕ್ಷಣ ಪೂರ್ತಿ ತನ್ನದು, ಅದನ್ನು ಕಲಿಸಿದವಳು ತಾನು ಎಂದು ಅವಳಿಗೆ ಅನ್ನಿಸಿತು.

"ಅರವತ್ತೊಂದು," ಎಂದ ಮಾಮ.

ಠಪ್ ಎಂದ ಸ್ವಲ್ಪ ಹೊತ್ತಿಗೆ ಚರಂಡಿಯ ಬಾಯಿಯಲ್ಲಿ ನೀರು ಕಾಣಿಸಿಕೊಂಡಿತು. ಪಂಪು ಕೆಮ್ಮಿತು, ನಿಂತಿತು, ಯಾರದೋ ಒದೆ ತಿಂದು ಮತ್ತೆ ಶುರುವಾಯಿತು. ನೀರು ಅಷ್ಟರಲ್ಲಿ ಕಲ್ಲು ಹಾಸು ದಾಟಿ, ಮೆಟ್ಟಿಲು ಹತ್ತಿ, ಹೊಸ್ತಿಲನ್ನು ಮುಟ್ಟಿ ನೋಡುತ್ತಿತ್ತು. ಒಳಗೆ, ನೆಲದ ಮೇಲೆ, ನಿನ್ನೆಯಷ್ಟೇ ಬಂದಿದ್ದ ಹೊಸ ಕಾಗದದ ಎಂಟು ಕಟ್ಟುಗಳಿದ್ದವು.

ಚಿಕ್ಕಮ್ಮ ಒಂದು ಕಟ್ಟಿನ ಒಂದು ತುದಿ ಹಿಡಿದಳು. ಅದು ಒಬ್ಬರಿಂದ ಆಗುವಂಥದ್ದಲ್ಲ. ಅವಳು ತಲೆಯೆತ್ತಲಿಲ್ಲ. ಎದುರಿನ ತುದಿಯ ಕಡೆ ಗಲ್ಲ ಆಡಿಸಿದಳು.

"ಹಿಡಿ," ಎಂದಳು. "ಸೊಂಟ ಬಗ್ಗಿಸಿ ಹಿಡಿಯೇ, ಕೈ ಜಾರೀತು."

ಇಂಜಿನಿಯರಮ್ಮ ಬಗ್ಗಿದಳು. ಇಬ್ಬರೂ ಕಟ್ಟನ್ನು ಎತ್ತಿ ಮಿಷನ್ನಿನ ಮೇಲಿಟ್ಟರು. ಇನ್ನೂ ಏಳು ಇದ್ದವು.